ಮದದ್ ಪೋರ್ಟಲ್: ಮುಖ ನೋಡಿ ತಡೆದಾಗ ಸರ್ಕಾರ ಎಷ್ಟು ನೆರವಿಗೆ ಬರುತ್ತೆ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದ ಹೋಗಿ ದೇವನಹಳ್ಳಿಯಲ್ಲಿ ವಿಮಾನ ಹತ್ತುವ ಬಹುತೇಕರ ಮೊಬೈಲ್‌ನಲ್ಲಿ ವೀಸಾ ಏಜೆಂಟರ ನಂಬರ್ ಇರುತ್ತೆ, ಇಳಿಯುವ ದೇಶದ ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರ್ ಇರಲ್ಲ. ಮೈಬಣ್ಣ, ಹೆಸರು, ಗಡ್ಡ, ಪೇಟ ನೋಡಿ ಪಕ್ಕಕ್ಕೆ ಕರೆದು ಕೂರಿಸಿದಾಗ ಬೇಕಾಗುವುದು ಆ ಎರಡನೇ ನಂಬರೇ. ವಿದೇಶದಲ್ಲಿ ತೊಂದರೆಗೆ ಸಿಕ್ಕ ಭಾರತೀಯರು ಆನ್‌ಲೈನ್‌ನಲ್ಲಿ ದೂರು ಕೊಡಲೆಂದು ವಿದೇಶಾಂಗ ಸಚಿವಾಲಯ 2015ರಲ್ಲಿ ತೆರೆದ ಮದದ್ ಪೋರ್ಟಲ್ ಏನಿದ್ದರೂ ಅದರ ನಂತರದ ಮಾತು. ಬಂಧನದಂಥ ಪ್ರಕರಣಕ್ಕೆ ಈ ಸೇವೆಗೆ ಐದಕ್ಕೆ ನಾಲ್ಕು ಕೊಡಬಹುದು. ಎರಡು ಗಂಟೆ ಕೂರಿಸಿ, ಚೀಲ ಕೆದಕಿ, ಅವಮಾನ ಮಾಡಿ ಬಿಟ್ಟ ಪ್ರಕರಣಕ್ಕೆ ಎರಡೇ ಜಾಸ್ತಿ.

ಇಷ್ಟು ಅಂತರ ಯಾಕೆ ಅಂದರೆ, ಬಂಧನದ ಹಿಂದೆ ಕಾನೂನು ನಿಂತಿದೆ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿ ಪ್ರಕಾರ, ಬಂಧಿತನಿಗೆ ತನ್ನ ದೇಶದ ಕಾನ್ಸುಲೇಟ್ (ತನ್ನ ದೇಶದವರಿಗೆ ನೆರವಾಗುವ ಸರ್ಕಾರಿ ಕಚೇರಿ) ಸಂಪರ್ಕಿಸುವ ಹಕ್ಕಿದೆ ಎಂದು ಅಲ್ಲಿನ ಅಧಿಕಾರಿ ತಡಮಾಡದೆ ತಿಳಿಸಬೇಕು. ಇದನ್ನು ಮುರಿದಿದ್ದಕ್ಕೇ 2019ರಲ್ಲಿ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನದ ವಿರುದ್ಧ ತೀರ್ಪು ಕೊಟ್ಟಿತು. ಆದರೆ ಒಂದು ತೊಡಕಿದೆ. ಅಮೆರಿಕದಲ್ಲಿ ಕೆಲವು ದೇಶದವರನ್ನು ಹಿಡಿದರೆ ಕಾನ್ಸುಲೇಟ್‌ಗೆ ತಾವಾಗಿಯೇ ತಿಳಿಸುತ್ತಾರೆ; ಆ ಪಟ್ಟಿಯಲ್ಲಿ ಭಾರತ ಇಲ್ಲ. ಹಿಡಿದವರು ಕೇಳಿದರಷ್ಟೇ ಸುದ್ದಿ ಹೋಗುವುದು. ಹೆದರಿಕೆಯಲ್ಲಿ ತುಂಬಾ ಜನ ಕೇಳುವುದೇ ಇಲ್ಲ. "ನನ್ನ ಕಾನ್ಸುಲೇಟ್‌ಗೆ ತಿಳಿಸಿ" ಎಂಬ ಒಂದು ಸಾಲನ್ನು ಇಂಗ್ಲಿಷ್‌ನಲ್ಲಿ ಬಾಯಿಪಾಠ ಮಾಡಿಸಿ ಕಳಿಸಿ, ಅಪ್ಪ-ಅಮ್ಮನನ್ನು ಕಳಿಸುವುದಾದರಂತೂ ಖಂಡಿತ.

ಬಂಧಿಸದೆ ವಿಚಾರಣೆಗೆ ಮಾತ್ರ ಕೂರಿಸಿದರೆ ಕಥೆ ಬೇರೆ. ಅಮೆರಿಕದ ಗಡಿ ತಪಾಸಣೆಯಲ್ಲಿ ವಕೀಲರನ್ನು ಸಾಮಾನ್ಯವಾಗಿ ಒಳಗೆ ಬಿಡಲ್ಲ, ಅಲ್ಲಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವಂತೆಯೂ ಇಲ್ಲ. ಫೋನನ್ನೇ ಇಟ್ಟುಕೊಂಡರೆ 6051ಡಿ ಎಂಬ ರಸೀದಿ ಕೇಳಿ ಪಡೆಯಿರಿ. ಬ್ರಿಟನ್‌ನಲ್ಲಿ 2000ದ ಭಯೋತ್ಪಾದನಾ ಕಾಯ್ದೆಯ 7ನೇ ಅನುಸೂಚಿಯಡಿ, ಅನುಮಾನಕ್ಕೆ ಕಾರಣ ಇಲ್ಲದಿದ್ದರೂ ಆರು ಗಂಟೆವರೆಗೆ ತಡೆದು ಪ್ರಶ್ನಿಸಬಹುದು. ಉತ್ತರಿಸದಿದ್ದರೆ ಅದೇ ಅಪರಾಧ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳು ಪ್ರವೇಶ ನಿರಾಕರಿಸಿದರೆ ಕಾರಣ ಬರೆದ ನಮೂನೆ ಕೊಡಲೇಬೇಕು, ಮೇಲ್ಮನವಿಗೂ ಅವಕಾಶವಿದೆ. ಆ ಕಾಗದ ಬಿಟ್ಟು ಬಂದರೆ ಮುಂದೆ ಯಾರೂ ಏನೂ ಮಾಡಲಾಗದು. ಒಳಗೆ ಬಿಡುವುದು ಬಿಡದಿರುವುದು ಆ ದೇಶದ ಹಕ್ಕು. ರಾಯಭಾರ ಕಚೇರಿ ಎಲ್ಲಿದ್ದೀರಿ ಅಂತ ಪತ್ತೆ ಮಾಡಬಹುದು, ಮಾತಾಡಬಹುದು, ಪ್ರತಿಭಟಿಸಬಹುದು. ಪ್ರವೇಶದ ಮುದ್ರೆ ಒತ್ತಿಸಲಾಗದು.

ಪ್ರತಿಭಟನೆ ದೊಡ್ಡ ಹೆಸರಿಗೆ ಬೇಗ ಬರುತ್ತೆ ಎಂಬ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಅಮೆರಿಕದಲ್ಲಿ 2009ರಲ್ಲಿ ನ್ಯೂವಾರ್ಕ್‌ನಲ್ಲೂ 2012ರಲ್ಲಿ ವೈಟ್ ಪ್ಲೇನ್ಸ್‌ನಲ್ಲೂ ಶಾರುಖ್ ಖಾನ್‌ರನ್ನು ತಡೆದಿದ್ದರು. ಎರಡನೇ ಸಲ, ತಡೆಯುವುದು ಆಮೇಲೆ ಕ್ಷಮೆ ಕೇಳುವುದು, ಇದು ಹೀಗೇ ನಡೆಯಲಾಗದು ಎಂದು ವಿದೇಶಾಂಗ ಸಚಿವರಾಗಿದ್ದ ನಮ್ಮ ಎಸ್.ಎಂ. ಕೃಷ್ಣ ಬಹಿರಂಗವಾಗಿಯೇ ಹೇಳಿದರು. 2010ರಲ್ಲಿ ಮಿಸಿಸಿಪ್ಪಿಯಲ್ಲಿ ಅಮೆರಿಕದಲ್ಲಿ ಭಾರತದ ರಾಯಭಾರಿಯಾಗಿದ್ದ ಮೀರಾ ಶಂಕರ್ ಅವರ ಮೈ ತಡವಿ ತಪಾಸಣೆ ಮಾಡಿದಾಗಲೂ ಆಕ್ಷೇಪಿಸಿದ್ದು ಕೃಷ್ಣ ಅವರೇ. ಆದರೆ 2025ರ ನವೆಂಬರ್‌ನಲ್ಲಿ ಅರುಣಾಚಲದಲ್ಲಿ ಹುಟ್ಟಿದ ಸಾಮಾನ್ಯ ಪ್ರಯಾಣಿಕರೊಬ್ಬರನ್ನು ಶಾಂಘೈನಲ್ಲಿ ತಡೆದಾಗ, ಕಾನ್ಸುಲೇಟ್ ನೆರವಿಗೆ ಹೋಯಿತು, ದೆಹಲಿ ಚೀನಾಕ್ಕೆ ಪ್ರತಿಭಟನೆ ಸಲ್ಲಿಸಿತು. ಅಲ್ಲಿ ಗಡಿಯ ತಕರಾರೂ ಸೇರಿತ್ತು, ನಿಜ. ಆದರೂ ಆ ಪ್ರಯಾಣಿಕರು ಒಳಗಿದ್ದಾಗಲೇ ಕಾನ್ಸುಲೇಟ್‌ಗೆ ಸುದ್ದಿ ಮುಟ್ಟಿಸಿದ್ದು ಕೆಲಸ ಮಾಡಿತು.

ಇನ್ನು ಪೋರ್ಟಲ್. ಇಮೇಲ್, ಮೊಬೈಲ್ ಕೊಟ್ಟು ನೋಂದಣಿ, ದೇಶ ಮತ್ತು ಕಚೇರಿ ಆಯ್ಕೆ, ದೂರು, ಪಾಸ್‌ಪೋರ್ಟ್ ಪ್ರತಿ. ಇಷ್ಟೇ. ಊರಲ್ಲಿರುವ ಮನೆಯವರೂ ದೂರು ಹಾಕಬಹುದು, ವಿಲೇವಾರಿ ಆಗದಿದ್ದರೆ ಅದು ಮೇಲಧಿಕಾರಿಗೆ ಏರುತ್ತೆ. ವ್ಯವಸ್ಥೆ ಚೆನ್ನಾಗಿದೆ. ಆದರೆ ಅದನ್ನು ಕಟ್ಟಿರುವುದು ಸಂಬಳ ಬಾಕಿ, ಜೈಲುವಾಸ, ಶವ ತರಿಸುವುದು, ಮಾಲೀಕನ ಕಿರುಕುಳ ಇಂಥವಕ್ಕೆ. ಜನಾಂಗ ನೋಡಿ ತಡೆದ ದೂರು ಅಲ್ಲಿ ಯಾವ ಖಾನೆಯಲ್ಲೂ ಸರಿಯಾಗಿ ಕೂರಲ್ಲ. "ನಮ್ಮನ್ನು ಕೀಳಾಗಿ ಕಂಡರು" ಅಂತಷ್ಟೇ ಬರೆದರೆ ಒಂದು ಸೌಜನ್ಯದ ಉತ್ತರ ಬಂದು ಮುಗಿಯುತ್ತೆ. ವಿಮಾನದ ಸಂಖ್ಯೆ, ಟರ್ಮಿನಲ್, ಅಲ್ಲಿನ ಸಮಯದಲ್ಲಿ ಎಷ್ಟೊತ್ತಿಂದ ಎಷ್ಟೊತ್ತಿಗೆ, ಅಧಿಕಾರಿಯ ಬ್ಯಾಡ್ಜ್ ಸಂಖ್ಯೆ, ಕೇಳಿದ ಪ್ರಶ್ನೆ ಕೇಳಿದ ಮಾತಿನಲ್ಲೇ, ಅದೇ ಸಾಲಿನಲ್ಲಿದ್ದ ಬೇರೆಯವರನ್ನು ಹೇಗೆ ಬಿಟ್ಟರು, ಇಷ್ಟನ್ನೂ ಅವತ್ತೇ ಬರೆದಿಡಿ. ದೂರು ಇಂಗ್ಲಿಷ್‌ನಲ್ಲಿರಲಿ, ಓದುವ ಅಧಿಕಾರಿ ಯಾವ ರಾಜ್ಯದವರೋ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಪಕ್ಕಕ್ಕೆ ಕರೆದದ್ದೆಲ್ಲ ತಾರತಮ್ಯ ಅಲ್ಲ. ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮಗೆ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಡುವ ಚಾಳಿ. ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬೀಳುತ್ತೆ. ಟಿಕೆಟ್‌ನಲ್ಲಿ ಒಂದು ಥರ, ವೀಸಾದಲ್ಲಿ ಇನ್ನೊಂದು ಥರ ಹೆಸರಿದ್ದರೆ ಪ್ರಶ್ನೆ ಬಂದೇ ಬರುತ್ತೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ಕೊಡಲು ತಕರಾರು ತೆಗೆಯಿತು. ಇನಿಷಿಯಲ್ ಬಿಡಿಸಿ ಬರೆಸಿಕೊಳ್ಳುವುದು ಊರಲ್ಲೇ ಆಗಬೇಕಾದ ಕೆಲಸ.

ಹೆಸರು ಯಾವುದೋ ನಿಗಾ ಪಟ್ಟಿಯ ಹೆಸರಿಗೆ ಹೊಂದಿ ಅಮೆರಿಕದಲ್ಲಿ ಪ್ರತಿ ಸಲ ತಡೆಯುತ್ತಿದ್ದರೆ ಮದದ್‌ಗಿಂತ ಅಲ್ಲಿನ ಗೃಹಭದ್ರತಾ ಇಲಾಖೆಯ ಟ್ರಿಪ್ (ಹೀಗೆ ತಡೆಗೊಳಗಾದ ಪ್ರಯಾಣಿಕರ ದೂರು ವಿಚಾರಿಸುವ ವ್ಯವಸ್ಥೆ) ಅರ್ಜಿಯೇ ಮೇಲು. ಅದಕ್ಕೆ ಶುಲ್ಕವಿಲ್ಲ. ಸಿಗುವ ರಿಡ್ರೆಸ್ ಸಂಖ್ಯೆಯನ್ನು ಟಿಕೆಟ್ ಬುಕ್ ಮಾಡುವಾಗಲೇ ಹಾಕಬೇಕು. ಏಜೆಂಟರು ಆ ಖಾನೆಯನ್ನು ಖಾಲಿ ಬಿಟ್ಟುಬಿಡುತ್ತಾರೆ, ಪಕ್ಕ ಕೂತು ತುಂಬಿಸಿ.