ಶೆರ್‌ಬೂರ್ ಕೊಡೆಗಳು: ಡಿವಿಡಿ, ಸ್ಟ್ರೀಮಿಂಗ್, ಬ್ಲೂ-ರೇ

ಜಾಕ್ ದೆಮಿ ತೆಗೆದ ‘ದಿ ಅಂಬ್ರೆಲಾಸ್ ಆಫ್ ಶೆರ್‌ಬೂರ್’ (1964) ಫ್ರೆಂಚ್ ಸಿನಿಮಾದಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲ ಹಾಡೇ. ಗ್ಯಾರೇಜಿನಲ್ಲಿ ಕಾರಿನ ರಿಪೇರಿ ವಿಚಾರವೂ ಮಿಶೆಲ್ ಲೆಗ್ರಾಂ ರಾಗದಲ್ಲೇ. ಕೊಡೆ ಅಂಗಡಿಯ ಜೆನೆವಿಯೆವ್‌ಗೂ ಗೀ ಎಂಬ ಮೆಕ್ಯಾನಿಕ್‌ಗೂ ಪ್ರೀತಿ. ಅವನು ಅಲ್ಜೀರಿಯಾ ಯುದ್ಧಕ್ಕೆ ಹೋಗುತ್ತಾನೆ. ಕಾಯುವುದು ಅವಳಿಗೆ ಆಗುವುದಿಲ್ಲ. ಒಂದೇ ತಿಂಗಳಲ್ಲಿ, ಒಂದೇ ಟಿವಿಯಲ್ಲಿ, ಇದನ್ನು ಮೂರು ಸಲ ನೋಡಿದೆ.

ಹಳೇ ಡಿವಿಡಿ ಶುರುವಿನಲ್ಲೇ ಸೋತಿತು. ಕಲ್ಲುಹಾಸಿನ ಮೇಲೆ ಮಳೆ ಬೀಳುವುದನ್ನೂ ಕೊಡೆಗಳು ಓಡಾಡುವುದನ್ನೂ ಕ್ಯಾಮೆರಾ ನೇರ ಮೇಲಿಂದ ತೋರಿಸುತ್ತದೆ. ನನಗೆ ಕಂಡದ್ದು ಬರೀ ಬೂದು ಗೀರು. ಕೆಂಪಂತೂ ಹತ್ತು ವರ್ಷ ಒಗೆದ ಸೀರೆಯ ಕೆಂಪು.

ಸ್ಟ್ರೀಮಿಂಗ್ ಪರವಾಗಿಲ್ಲ ಅನ್ನಿಸಿತ್ತು, ಕೊನೆಯಲ್ಲಿ ಹಿಮ ಬೀಳುವ ತನಕ. ಪೆಟ್ರೋಲ್ ಬಂಕ್ ಮುಂದೆ ಹಿಮದ ಬದಲು ಬಿಳಿ ಚೌಕಗಳು ಕುಣಿದವು. ಎಚ್‌ಡಿ ಸ್ಟ್ರೀಮಿಗೆ ಸಿಗುವುದು ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಡೇಟಾ, ಬ್ಲೂ-ರೇ 40ರ ತನಕ ಹೋಗುತ್ತದೆ. ಒಂದೊಂದು ಹಿಮದ ಚೂರೂ ಅಲ್ಲಾಡುತ್ತಿದ್ದರೆ ಪಾಪ, ಅಷ್ಟರಲ್ಲಿ ಹೇಗೆ ಸಾಲುತ್ತದೆ?

ಬ್ಲೂ-ರೇ ಹಾಕಿದರೆ ಮೊದಲು ಸೀರಿಯಲ್ ತರಹ ಕಂಡಿತು. ತಪ್ಪು ಡಿಸ್ಕಿನದಲ್ಲ, ನಡುವೆ ತಾನೇ ಫ್ರೇಮ್ ಸೇರಿಸಿ ಚಲನೆಯನ್ನು ನುಣುಪು ಮಾಡುವ ಟಿವಿಯ ‘ಮೋಷನ್ ಸ್ಮೂತಿಂಗ್’ ಆನ್ ಇತ್ತು. ಆಫ್ ಮಾಡಿದ ಮೇಲೆ ಗೋಡೆಗಳು ಕಂಡವು. ನಿಜವಾಗಿ ಈ ಸಿನಿಮಾ ಗೋಡೆಗಳದ್ದೇ! ಗುಲಾಬಿ, ಹಸಿರು, ನೀಲಿ ವಾಲ್‌ಪೇಪರ್, ಅದಕ್ಕೆ ಹೊಂದುವ ಬಟ್ಟೆ. ಗರ್ಭಿಣಿ ಜೆನೆವಿಯೆವ್ ಹೂವಿನ ಫ್ರಾಕ್ ಹಾಕಿ ಹೂವಿನ ಗೋಡೆಯ ಮುಂದೆ ನಿಲ್ಲುತ್ತಾಳೆ. ಡಿವಿಡಿಯಲ್ಲಿ ಸುಮ್ನೆ ನಿಂತಿದ್ದಳು, ಇಲ್ಲಿ ಗೋಡೆಯೊಳಗೇ ಸೇರಿಹೋಗುತ್ತಿದ್ದಾಳೆ. ಅಮ್ಮ ಹೇಳಿದವನನ್ನೇ ಮದುವೆಯಾಗುತ್ತಾಳೆ ಅಂತ ಆಗಲೇ ಗೊತ್ತಾಗುತ್ತದೆ.

ಈ ಬಣ್ಣ ಉಳಿದದ್ದಕ್ಕೂ ಕಾರಣವಿದೆ. ಆ ಕಾಲದ ಈಸ್ಟ್‌ಮನ್‌ಕಲರ್ ಫಿಲ್ಮ್ ಮಾಸುತ್ತಿತ್ತು. ದೆಮಿ ಕೆಂಪು, ಹಸಿರು, ನೀಲಿ ಮೂರು ಬಣ್ಣಗಳ ಅಂಶವನ್ನೂ ಬೇರೆ ಬೇರೆ ಕಪ್ಪು-ಬಿಳುಪು ಫಿಲ್ಮಿನಲ್ಲಿ ತೆಗೆಸಿಟ್ಟಿದ್ದರು. ಅವರು 1990ರಲ್ಲಿ ತೀರಿಕೊಂಡ ಮೇಲೆ, ಹೆಂಡತಿ ಆನ್ಯೆಸ್ ವಾರ್ದಾ ಮುಂದೆ ನಿಂತು ಅವುಗಳಿಂದಲೇ ಬಣ್ಣ ಮರಳಿ ತರಿಸಿದರು.

ಇಷ್ಟು ಸ್ಪಷ್ಟವಾಗಿ ಕಂಡರೆ ಒಂದು ಕಿರಿಕಿರಿಯೂ ಇದೆ. ಜೆನೆವಿಯೆವ್ ಆಗಿರುವ ಕ್ಯಾಥರಿನ್ ಡೆನಿವ್ ತುಟಿ ಮಾತ್ರ ಆಡಿಸುತ್ತಾರೆ, ದನಿ ಡ್ಯಾನಿಯೆಲ್ ಲಿಕಾರಿಯವರದು. ಸ್ವರ ಎಷ್ಟೇ ಏರಲಿ, ಕೊರಳು ಅಲ್ಲಾಡುವುದೇ ಇಲ್ಲ. ಜಾಸ್ತಿ ಹತ್ತಿರದಿಂದ ನೋಡಿದರೆ ಹೀಗೇ, ಅಲ್ವಾ?

ಆದರೂ ನನ್ನ ಓಟು ಬ್ಲೂ-ರೇಗೇ. ಡಿವಿಡಿಯನ್ನು ಮಾತ್ರ ಎಸೆದಿಲ್ಲ. ಅದರ ಸಬ್‌ಟೈಟಲ್ ಹಳದಿ. ಬ್ಲೂ-ರೇಯದು ಬಿಳಿ, ಕೊನೆಯ ದೃಶ್ಯದಲ್ಲಿ ಎರಡು ಸಾಲು ಹಿಮದಲ್ಲೇ ಕರಗಿಹೋದವು.