ಬೊರಿವಲಿ ಕಾಡಿಗೆ ಯಾವುದು ಸರಿ: ಮೊಬೈಲಾ, ಕ್ಲಿಪ್ ಲೆನ್ಸಾ, ಭಾವನ ಡಿಎಸ್‌ಎಲ್‌ಆರಾ?

ಮೊದಲೇ ಹೇಳಿಬಿಡ್ತೇನೆ, ಮಳೆಗಾಲದಲ್ಲಿ ಮುಂಬೈಯ ಬೊರಿವಲಿ ನ್ಯಾಷನಲ್ ಪಾರ್ಕಿಗೆ ಫೋಟೋ ತೆಗೀಲಿಕ್ಕೆ ಹೋಗುದಾದ್ರೆ ನನ್ನ ಓಟು ಮೊಬೈಲ್‌ಗೆ, ಜೊತೆಗೆ ಅದಕ್ಕೆ ಸಿಕ್ಕಿಸುವ ಮ್ಯಾಕ್ರೋ (ಚಿಕ್ಕದ್ದನ್ನು ಹತ್ರದಿಂದ ದೊಡ್ಡದಾಗಿ ತೆಗೆಯುವ) ಕ್ಲಿಪ್ ಲೆನ್ಸಿಗೆ. ಭಾವನ ಓಟು ಅವರ ಡಿಎಸ್‌ಎಲ್‌ಆರ್‌ಗೆ, ಅಂದ್ರೆ ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾಕ್ಕೆ, ಅದಕ್ಕೆ 100 ಎಂಎಂ ಮ್ಯಾಕ್ರೋ ಲೆನ್ಸ್ ಬೇರೆ. ಒಂದೇ ದಾರಿ, ಒಂದೇ ಮಳೆ, ಒಂದೇ ಹುಳದ ಎದುರು ಇಬ್ರೂ ಅಕ್ಕಪಕ್ಕ ಕುಕ್ಕರುಗಾಲಲ್ಲಿ ಕೂತು ತೆಗ್ದು, ಆಮೇಲೆ ಮಲಾಡ್‌ನ ನಮ್ಮ ಮನೇಲಿ ದೊಡ್ಡ ಟಿವಿಗೆ ಹಾಕಿ, ಅಕ್ಕ ಚಾ ಮಾಡಿ ತರುವಷ್ಟರಲ್ಲಿ ಎರಡು ರೌಂಡ್ ಚರ್ಚೆ ಮುಗ್ಸಿ, ಅದರ ಮೇಲೆ ಬರಿತಾ ಇದ್ದೇನೆ.

ಈ ಬೊರಿವಲಿ ಪಾರ್ಕ್, ಅಂದ್ರೆ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕ್, ಊರಿನ ಮಧ್ಯದಲ್ಲೇ ನೂರು ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಕಾಡು. ಎಲ್ರೂ ಕೇಳುದು ಚಿರತೆ ಸಿಕ್ತಾ ಅಂತ. ಇಲ್ಲ ಮಾರಾಯ್ರೆ, ಸಿಗುದೆಲ್ಲ ಚಿಕ್ಕದ್ದು. ಶಿಲೋಂಡಾ ಟ್ರೇಲ್‌ನಲ್ಲಿ (ಮೊದಲೇ ಅನುಮತಿ ತಗೊಳ್ಬೇಕು, ಸೋಮವಾರ ಪಾರ್ಕೇ ಬಂದ್) ತೊರೆ ಪಕ್ಕ ನಡ್ಕೊಂಡು ಹೋದ್ರೆ ಕಲ್ಲಿನ ಸಂದಿಯಲ್ಲಿ ಏಡಿ, ಬಿದ್ದ ಮರದ ಮೇಲೆ ಅಣಬೆ, ಬಲೆ ಮಧ್ಯದಲ್ಲಿ ಬಿಳಿ ಅಂಕುಡೊಂಕು ಗೆರೆ ಹಾಕಿ ಕೂತ ಸಿಗ್ನೇಚರ್ ಜೇಡ, ಎಲ್ಲಾ ಕಾಲಡಿಯಲ್ಲೇ. ಹಾಗಾಗಿ ಯಾವ ಕ್ಯಾಮೆರಾದ ಫೋಟೋ ಚಂದ ಅನ್ನುದಕ್ಕಿಂತ ಯಾವುದು ಆ ಸಂದಿಯೊಳಗೆ ಹೋಗ್ತದೆ ಅನ್ನುದು ಮುಖ್ಯ.

ಅಲ್ಲೇ ಕ್ಲಿಪ್ ಲೆನ್ಸ್ ಗೆಲ್ಲುದು. ನನ್ನದು 10ಎಕ್ಸ್ ಅಂತ ಬರ್ದದ್ದು, ಸಿಎಸ್‌ಎಂಟಿ ಸ್ಟೇಷನ್ ಹತ್ರ ಬೋರಾ ಬಜಾರ್‌ನಲ್ಲಿ ಸಾವಿರ ರೂಪಾಯಿ ಒಳಗೆ ಸಿಕ್ಕಿದ್ದು. ಅಣಬೆಯ ಫೋಟೋ ಮೇಲಿಂದ ತೆಗೆದ್ರೆ ಏನೂ ಇಲ್ಲ, ಬರೀ ಟೊಪ್ಪಿ. ಅದರ ಅಡಿಭಾಗದ ಮಡಿಕೆಗಳಲ್ಲಿ ಉಂಟು ಚಂದ. ಮೊಬೈಲನ್ನು ತಲೆಕೆಳಗೆ ಮಾಡಿ, ಅಂದ್ರೆ ಕ್ಯಾಮೆರಾ ಇರುವ ತುದಿ ನೆಲಕ್ಕೆ ತಾಗುವ ಹಾಗೆ ಹಿಡಿದ್ರೆ, ಇರುವೆ ಕಣ್ಣಿನ ಎತ್ತರದಿಂದ ಅಣಬೆ ಕಾಣ್ತದೆ, ಹಿಂದೆ ಕಾಡು ಪೂರ್ತಿ ಹಸಿರು ಮಬ್ಬು. ಭಾವ ಅದೇ ಅಣಬೆಗೆ ಕೆಸರಲ್ಲಿ ಮಲಗಿದ್ರು, ಆದ್ರೂ ಅವರ ಕ್ಯಾಮೆರಾದ ಬಾಡಿಯೇ ಅಷ್ಟು ದಪ್ಪ ಇರುದ್ರಿಂದ ಲೆನ್ಸ್ ನೆಲಕ್ಕೆ ಅಷ್ಟು ಹತ್ರ ಬರ್ಲೇ ಇಲ್ಲ.

ಆದ್ರೆ ಕ್ಲಿಪ್‌ಗೆ ಮಿತಿ ಉಂಟು. ಎರಡು ಮೂರು ಸೆಂಟಿಮೀಟರ್ ಹತ್ರ ಹೋಗ್ಲೇ ಬೇಕು. ಅಣಬೆ, ಕಲ್ಲುಹೂವು, ಪಾಚಿ ಎಲ್ಲೂ ಓಡಿ ಹೋಗುದಿಲ್ಲ, ಸಿಗ್ನೇಚರ್ ಜೇಡವೂ ಸಾಧಾರಣ ಕೂತೇ ಇರ್ತದೆ. ಹಾರುವ ಜೇಡದ ಹತ್ರ ಮೊಬೈಲ್ ಹಿಡಿದ್ರೆ ಮುಗೀತು, ಅದು ಲೆನ್ಸ್ ಮೇಲೆಯೇ ಹಾರ್ತದೆ, ಆಮೇಲೆ ಅದನ್ನು ಹುಡುಕುದು. ಇಂಥದ್ದಕ್ಕೆ ಭಾವನ 100 ಎಂಎಂ ಬೇಕು, ಪೂರ್ತಿ ಒಂದಕ್ಕೆ ಒಂದು ಅಳತೆಯಲ್ಲೂ (ಹುಳ ಎಷ್ಟು ದೊಡ್ಡದೋ ಸೆನ್ಸರ್ ಮೇಲೆ ಅಷ್ಟೇ ದೊಡ್ಡದಾಗಿ ಬೀಳುದು) ಲೆನ್ಸ್ ಮುಂದೆ ಅರ್ಧ ಗೇಣಿಗಿಂತ ಜಾಸ್ತಿ ಜಾಗ ಉಳೀತದೆ. ಜೇಡದ ಎಂಟು ಕಣ್ಣಲ್ಲಿ ಮುಂದಿನ ಎರಡು ದೊಡ್ಡ ಕಣ್ಣಿನೊಳಗೆ ಭಾವನ ಕೊಡೆಯೇ ಪ್ರತಿಬಿಂಬ ಆಗಿ ಕಾಣುವ ಫೋಟೋ ಒಂದುಂಟು, ಅದನ್ನು ನೋಡಿ ನಾನು ಐದು ನಿಮಿಷ ಮಾತಾಡ್ಲಿಲ್ಲ. ಬ್ಲೂ ಮಾರ್ಮನ್ ಚಿಟ್ಟೆಗೂ (2015ರಿಂದ ಮಹಾರಾಷ್ಟ್ರದ ರಾಜ್ಯ ಚಿಟ್ಟೆ ಅದು) ಇದೇ ಕತೆ, ಮೊಬೈಲ್‌ನಲ್ಲಿ ನನಗೆ ಸಿಕ್ಕಿದ್ದು ಬರೀ ಕಪ್ಪು ಗೀಟು.

ಇನ್ನು ಡಿಎಸ್‌ಎಲ್‌ಆರ್ ತಲೆನೋವು ಏನು ಅಂದ್ರೆ, ಅಷ್ಟು ಹತ್ತಿರದಲ್ಲಿ ಎಫ್/11 ಇಟ್ರೂ (ಬೆಳಕು ಬರುವ ಲೆನ್ಸಿನ ಕಿಂಡಿಯನ್ನು ಚಿಕ್ಕದು ಮಾಡಿದ್ರೂ) ಫೋಕಸ್ ಆಗುವ ದಪ್ಪ ಸುಮಾರು ಒಂದು ಮಿಲಿಮೀಟರ್, ಜೇಡದ ಕಣ್ಣು ಸಿಕ್ಕಿದ್ರೆ ಕಾಲು ಮಬ್ಬು. ಎಫ್/11 ಇಟ್ಟ ಮೇಲೆ ಮಳೆಗಾಲದ ಮರದಡಿ ಬೆಳಕು ಎಲ್ಲಿಂದ ಬರ್ಬೇಕು, ಐಎಸ್‌ಒ (ಕಮ್ಮಿ ಬೆಳಕಲ್ಲಿ ಏರಿಸುದು, ಏರಿದಷ್ಟೂ ಫೋಟೋ ಕಾಳು ಕಾಳು) 3200 ದಾಟ್ತದೆ, ಇಲ್ಲದಿದ್ರೆ ಫ್ಲ್ಯಾಶ್, ಫ್ಲ್ಯಾಶ್ ಹಾಕಿದ್ರೆ ಒದ್ದೆ ಎಲೆಯೆಲ್ಲಾ ಬಿಳಿ ಬಿಳಿ ಚುಕ್ಕೆ, ಅದಕ್ಕೆ ಬೆಳಕು ಮೆದು ಮಾಡುವ ಡಿಫ್ಯೂಸರ್, ಹೀಗೆ ಒಂದಕ್ಕೊಂದು ಸೇರಿ ಬ್ಯಾಗ್ ಭಾರ ಆಗ್ತಾ ಹೋಗ್ತದೆ. ಕ್ಲಿಪ್‌ನಲ್ಲಿ ಅಷ್ಟು ದೊಡ್ಡದಾಗಿ ಕಾಣುದಿಲ್ಲ, ಮೂರ್ನಾಲ್ಕು ಸೆಂಟಿಮೀಟರ್ ಅಗಲ ಫ್ರೇಮಿಗೆ ಬರ್ತದೆ, ಅದಕ್ಕೇ ಫೋಕಸ್ ಸ್ವಲ್ಪ ಉದಾರ. ಅಂಚೆಲ್ಲ ಕಲಸಿಹೋಗಿರ್ತದೆ ಅದು ಬೇರೆ ವಿಷಯ, ಮಧ್ಯದ ಭಾಗ ಮಾತ್ರ ಕ್ರಾಪ್ ಮಾಡ್ಕೊಳ್ಳುದು.

ಮೊಬೈಲ್‌ನಲ್ಲೇ ಮ್ಯಾಕ್ರೋ ಅಂತ ಬರುತ್ತಲ್ಲ, 2 ಮೆಗಾಪಿಕ್ಸೆಲ್‌ದು, ಅದನ್ನು ಲೆಕ್ಕಕ್ಕೆ ತಗೋಬೇಡಿ, ಸುಮ್ನೆ ಜಾಗ ದಂಡ. ಅಲ್ಟ್ರಾವೈಡ್ ಲೆನ್ಸಿಗೇ ಆಟೋಫೋಕಸ್ ಇದ್ದು ಅದರಿಂದ ಮ್ಯಾಕ್ರೋ ತೆಗೆಯುವ ಫೋನುಗಳು (ಐಫೋನ್‌ನಲ್ಲಿ ಇದು 13 ಪ್ರೋದಿಂದ, 2021ರಲ್ಲಿ ಶುರುವಾದದ್ದು, 2 ಸೆಂಟಿಮೀಟರ್‌ವರೆಗೆ ಹೋಗ್ತದೆ) ನಿಜಕ್ಕೂ ಉಪಯೋಗದವು, ನನ್ನ ತಂಗಿಯದ್ದು ಅಂಥದ್ದು, ಕ್ಲಿಪ್ಪೇ ಬೇಡ. ಒಂದೇ ತೊಂದರೆ, ಅಷ್ಟು ಹತ್ರ ಹೋದಾಗ ಫೋನಿನ ನೆರಳೇ ಹೂವಿನ ಮೇಲೆ ಬೀಳ್ತದೆ.

ಸೀನರಿಗೆ ಬಂದಾಗ ಲೆಕ್ಕ ಉಲ್ಟಾ. ಪಾರ್ಕಿನ ಒಳಗೇ ಇರುವ ಕಣ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆ, ಎಲ್ಲಾ ಕಪ್ಪು ಬಸಾಲ್ಟ್ ಕೊರೆದು ಮಾಡಿದ್ದು, ಜೋರು ಮಳೆಗೆ ಮೆಟ್ಟಿಲ ಮೇಲೆಲ್ಲ ನೀರು ಹರೀತಾ ಇರ್ತದೆ. ಮೊಬೈಲ್ ಅದನ್ನು ಏನು ಮಾಡ್ತದೆ ಗೊತ್ತುಂಟಾ, ಎಚ್‌ಡಿಆರ್ ಅಂತ ಹಲವು ಫೋಟೋ ಸೇರಿಸಿ ಕತ್ತಲನ್ನೆಲ್ಲ ಬೆಳಗಿಸಿ, ಗಿಣಿ ಹಸಿರು ಬಳ್ದು, ಆ ಮೋಡ ಮುಸುಕಿದ ಭಾರವೇ ಇಲ್ಲದ ಹಾಗೆ ಮಾಡಿಡ್ತದೆ. ಮೊಬೈಲ್ ಪರದೆಯಲ್ಲಿ ವಾಹ್ ಅನ್ನಿಸ್ತದೆ, ಟಿವಿಯಲ್ಲಿ ಭಾವನ ರಾ ಫೈಲ್ (ಕ್ಯಾಮೆರಾ ಬಣ್ಣ ತಿದ್ದದೆ ಇಟ್ಟದ್ದು) ಪಕ್ಕ ಇಟ್ರೆ ಕ್ಯಾಲೆಂಡರ್ ಚಿತ್ರ. ಮೂರನೇ ಗುಹೆಯ ವರಾಂಡದ ಎರಡು ತುದಿಗೆ ನಿಂತ ಬುದ್ಧ ಇದ್ದಾನಲ್ಲ, ಸುಮಾರು 7 ಮೀಟರ್ ಎತ್ತರ, ಅಲ್ಲಿ ಹಿಂದೆ ಸರೀಲಿಕ್ಕೆ ಜಾಗ ಕಮ್ಮಿ, ಮೊಬೈಲ್ ಅಲ್ಟ್ರಾವೈಡ್‌ನಲ್ಲಿ ಪಾದ ದೊಡ್ಡದು, ತಲೆ ಚಿಕ್ಕದು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯವರ ಪ್ರತ್ಯೇಕ ಅನುಮತಿ ಬೇಕು, ಭಾವ ಕಂಬಕ್ಕೆ ಒರಗಿ ಉಸಿರು ಬಿಗಿಹಿಡಿದು ತೆಗೆದ್ರು, ಮೂರ್ತಿಯ ಮೇಲೆ ಬೀಳುವ ಪಕ್ಕದ ಬೆಳಕು ಹಾಗೇ ಬಂದಿದೆ. ಇಲ್ಲಿ ಪೂರ್ತಿ ಮಾರ್ಕು ಅವರಿಗೆ.

ಪೋಲರೈಸರ್ ಅಂತ ಒಂದು ಫಿಲ್ಟರ್ ಉಂಟು, ಅದರ ಬಗ್ಗೆ ಯಾರೂ ಸಾಕಷ್ಟು ಹೇಳುದಿಲ್ಲ. ಒದ್ದೆ ಎಲೆ, ಒದ್ದೆ ಬಂಡೆ ಮೇಲಿನ ಬಿಳಿ ಹೊಳಪು ತೆಗ್ದು ನಿಜವಾದ ಬಣ್ಣ ತೋರಿಸ್ತದೆ, ತೊರೆ ನೀರಿನ ಒಳಗಿನ ಕಲ್ಲೂ ಕಾಣ್ತದೆ. ಬೆಳಕು ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಆಗುದು) ತಿಂತದೆ ಅಷ್ಟೇ. ನಾನು ಮೊಬೈಲ್ ಎದುರು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಿಡಿದು ತಿರುಗಿಸಿ ನೋಡಿ ತೆಗಿತೇನೆ, ಭಾವ ನಗ್ತಾರೆ, ನಗ್ಲಿ, ಕೆಲಸ ಆಗ್ತದೆ.

ಮಳೆ ಮತ್ತು ಲೋಕಲ್ ರೈಲಿನ ವಿಷಯ ಹೇಳ್ಲೇಬೇಕು. ಭಾವ ಅಂಧೇರಿಯಿಂದ ಎಸಿ ಲೋಕಲ್ ಹತ್ತಿ ಬರ್ತಾರೆ, ಬೊರಿವಲಿಯಲ್ಲಿ ಇಳಿದು ಕ್ಯಾಮೆರಾ ತೆಗೆದ ಕೂಡಲೇ ಲೆನ್ಸ್ ಪೂರ್ತಿ ಮಂಜು, ಒರೆಸಿದ್ರೆ ಮತ್ತೆ ಮಂಜು. ತಣ್ಣಗಿನ ಗಾಜಿಗೆ ಹೊರಗಿನ ತೇವದ ಗಾಳಿ ತಾಗುದು ಅಷ್ಟೇ, ಬ್ಯಾಗ್ ಜಿಪ್ ತೆಗೀದೆ ಸ್ವಲ್ಪ ಹೊತ್ತು ಹಾಗೇ ಬಿಟ್ರೆ ಆಗ್ತದೆ, ಆದ್ರೆ ಅಷ್ಟರಲ್ಲಿ ನಾನು ಗೇಟ್ ಹತ್ರದ ಮರದಲ್ಲೇ ನಾಲ್ಕು ಬಸವನಹುಳು ತೆಗ್ದಾಗಿರ್ತದೆ, ಕಿಸೆಯಲ್ಲಿದ್ದ ಮೊಬೈಲ್ ಮೈ ಬಿಸಿಗೇ ಬೆಚ್ಚಗಿರ್ತದೆ ನೋಡಿ. ಕಣ್ಹೇರಿ ಮೆಟ್ಟಿಲಲ್ಲಿ ಮಂಗಗಳೂ ಉಂಟು, ಪ್ಲಾಸ್ಟಿಕ್ ಸರಪರ ಸದ್ದಾದ್ರೆ ಸಾಕು ಬರ್ತವೆ, ಮಳೆಗೆ ಅಂತ ಕ್ಯಾಮೆರಾಕ್ಕೆ ಸುತ್ತಿದ ಪ್ಲಾಸ್ಟಿಕ್ ಚೀಲವೂ ಅವಕ್ಕೆ ತಿಂಡಿ ಪೊಟ್ಟಣವೇ.

ಆಫೀಸಿನ ಗೆಳೆಯನದ್ದು ದೊಡ್ಡ ಜೂಮ್‌ನ ಬ್ರಿಡ್ಜ್ ಕ್ಯಾಮೆರಾವನ್ನೂ ತಂದು ನೋಡಿದೆ, ನಿಕಾನ್ ಪಿ900, 2000 ಎಂಎಂವರೆಗೆ ಹೋಗುವಂಥದ್ದು, ತೂಕ 900 ಗ್ರಾಂ ಹತ್ರ. ಚಳಿಗಾಲದಲ್ಲಿ ಹಕ್ಕಿಗೆ ಬೊಂಬಾಟ್, ಮಳೆಗಾಲದ ಕಾಡಿಗೆ ಅಲ್ಲ, ಅಷ್ಟು ಜೂಮ್‌ಗೆ ಬೇಕಾದ ಬೆಳಕು ಆಗ ಆ ಮರಗಳಡಿ ಇರುದಿಲ್ಲ.

ಎಂಟು ವರ್ಷಕ್ಕೊಮ್ಮೆ ಅರಳುವ ಕಾರ್ವಿ ಹೂ 2016ರಲ್ಲಿ ಬಂದದ್ದು ಮತ್ತೆ 2024ರಲ್ಲಿ ಬಂತು, ಇನ್ನು 2032ಕ್ಕೆ. ಗುಡ್ಡ ಪೂರ್ತಿ ನೇರಳೆ ಆಗುದನ್ನು ತೆಗೀಲಿಕ್ಕೆ ಭಾವನ ಕ್ಯಾಮೆರಾ, ಆ ಹೂವಿನೊಳಗೆ ಕೂತ ಜೇನುಹುಳಕ್ಕೂ ಅವರದ್ದೇ, ಅಷ್ಟು ಹತ್ರ ಮೊಬೈಲ್ ತಗೊಂಡು ಹೋಗುವ ಧೈರ್ಯ ನನಗಿಲ್ಲ. ಈ ವಾರ ಮಾತ್ರ ಶಿಲೋಂಡಾಕ್ಕೆ ಮೊಬೈಲ್, ಕ್ಲಿಪ್, ಕೂಲಿಂಗ್ ಗ್ಲಾಸ್ ಅಷ್ಟೇ ನನ್ನ ಸಾಮಾನು. ಭಾವ ಎಲ್ಲಾ ಹೊತ್ತು ಬರ್ತಾರಂತೆ, ಹುಳ ಸಿಕ್ಕಿದಾಗ ಅವರ ಲೆನ್ಸಿಗೆ ಕೊಡೆ ಹಿಡಿಯುವ ಡ್ಯೂಟಿ ಹೇಗೂ ನನ್ನದೇ.