ಮೊಲದ ಪಂಜರಕ್ಕೆ ಕ್ವೇಲ್ ಬಿಡಬೇಡಿ

ಹೋದ ವರ್ಷ ಮೊಟ್ಟೆಗೆ ಅಂತ ಮೂವತ್ತು ಕ್ವೇಲ್ ತಂದೆ. ಗೌಜಲಕ್ಕಿ ಅಂತಲೂ ಕರೆಯುತ್ತಾರೆ. ಕಾಡಿನದ್ದಲ್ಲ, ಅದನ್ನು ಹಿಡಿಯುವುದು ಅಪರಾಧ. ಇದು 1974ರಲ್ಲಿ ನಮ್ಮ ದೇಶಕ್ಕೆ ಬಂದ ಜಪಾನಿ ತಳಿ. ಮಾರಿದವನೇ ಪಂಜರವನ್ನೂ ಕೊಟ್ಟ. ಮೊಲಕ್ಕೆ ಮಾಡಿದ್ದು, ಎರಡು ಅಡಿ ಎತ್ತರ. "ಎತ್ತರ ಇದ್ದಷ್ಟೂ ಹಕ್ಕಿಗೆ ಆರಾಮ ಸಾರ್" ಅಂದ. ಕೇಳಿದರೆ ಸರಿ ಅನ್ನಿಸುತ್ತೆ ಅಲ್ವಾ? ನಾನೂ ನಂಬಿದೆ.

ಮೂರನೇ ರಾತ್ರಿ ಟೆರೇಸಿನಿಂದ ಟಪ್ ಟಪ್ ಸದ್ದು. ಹೋಗಿ ನೋಡಿದರೆ ಪಂಜರದ ಪಕ್ಕ ಬೆಕ್ಕು. ಒಳಗೆ ಹಕ್ಕಿಗಳು ನೆಟ್ಟಗೆ ಮೇಲಕ್ಕೆ ಚಿಮ್ಮಿ, ತಂತಿಗೆ ತಲೆ ಬಡಿದು ಬೀಳುತ್ತಿದ್ದವು. ನನ್ನ ಟಾರ್ಚ್ ಬೆಳಕಿಗೆ ಗಾಬರಿ ಇನ್ನೂ ಜಾಸ್ತಿಯಾಯಿತು. ಒಂದರ ನೆತ್ತಿಯ ಚರ್ಮ ಕಿತ್ತು ಪಕ್ಕಕ್ಕೆ ಜೋತುಬಿದ್ದಿತ್ತು. ಇನ್ನೂರು ಗ್ರಾಂ ಕೂಡ ತೂಗದ ಜೀವ. ಕೈಯಲ್ಲಿ ಎಷ್ಟು ಹೊತ್ತು ಹಿಡಿದುಕೊಂಡರೂ ನಡುಕ ನಿಲ್ಲಲಿಲ್ಲ. ಬೆಳಗ್ಗೆ ಎರಡು ಸತ್ತಿದ್ದವು.

ಅಡಗಲು ಜಾಗ ಸಿಗದಿದ್ದರೆ ಕ್ವೇಲ್ ಹೆದರಿ ನೇರ ಮೇಲಕ್ಕೆ ಹಾರುತ್ತದೆ. ಪಂಜರ ಹತ್ತು ಇಂಚು ಎತ್ತರ ಇದ್ದರೆ ವೇಗ ಹಿಡಿಯುವ ಮೊದಲೇ ತಲೆ ತಾಗುತ್ತದೆ, ಅಷ್ಟೇನೂ ಪೆಟ್ಟಾಗಲ್ಲ. ಇಲ್ಲವೇ ಆಳೆತ್ತರದ ಗೂಡು ಬೇಕು. ಇವೆರಡರ ನಡುವಿನ ಎತ್ತರವೇ ಅಪಾಯ.

ಬೆಕ್ಕು ಬಾರದಿರಲಿ ಅಂತ ರಾತ್ರಿಯಿಡೀ ಬಲ್ಬು ಉರಿಸಿದೆ. ಇದು ನನ್ನದೇ ಜಾಣತನ. ರಾತ್ರಿಯೂ ಬೆಳಕಿದ್ದದ್ದಕ್ಕೆ ಹಕ್ಕಿಗಳ ನಡುವೆ ಜಗಳ ಶುರುವಾಯಿತು. ಮಾರಿದವನು "ಎಲ್ಲಾ ಹೆಣ್ಣೇ" ಅಂದಿದ್ದ. ಎದೆ ನೋಡಿದರೆ ಅರ್ಧದಷ್ಟು ಇಟ್ಟಿಗೆ ಬಣ್ಣದವು, ಅಂದರೆ ಗಂಡು. ಹೆಣ್ಣಿನ ಎದೆಯ ಮೇಲೆ ಕಪ್ಪು ಚುಕ್ಕೆ ಇರುತ್ತವೆ. ಹೆಣ್ಣುಗಳ ಕತ್ತಿನ ಪುಕ್ಕ ಕಿತ್ತುಹೋಯಿತು, ಒಂದರ ಕಣ್ಣೂ ಹೋಯಿತು. ಫೋನ್ ಮಾಡಿದರೆ, "ಜಾತಿನೇ ಪೊಗರು ಸಾರ್, ಕೊಕ್ಕು ಕತ್ತರಿಸಿ" ಅಂದ.

ಇನ್ನೊಂದು ವಿಚಿತ್ರ. ಮೇವಿನ ತಟ್ಟೆ ಪಕ್ಕ ತಂತಿಯ ಮೇಲೇ ಮಲಗಿ, ಮೇವನ್ನು ಮೈಮೇಲೆ ಎರಚಿಕೊಳ್ಳುತ್ತಿದ್ದವು. ಹಾಳು ಮಾಡ್ತವೆ ಅಂತ ಬೈದಿದ್ದೆ. ಪಾಪ, ಧೂಳು ಸ್ನಾನಕ್ಕೆ ಮಣ್ಣಿಲ್ಲದೆ ಹಾಗೆ ಮಾಡುತ್ತಿದ್ದವು. ಹಳೇ ಬಾಂಡ್ಲಿಯಲ್ಲಿ ಮರಳು, ಒಲೆ ಬೂದಿ ಹಾಕಿಟ್ಟೆ. ಐದಾರು ಒಟ್ಟಿಗೇ ನುಗ್ಗಿ ಒಂದರ ಮೇಲೊಂದು ಬಿದ್ದವು.

ವೆಲ್ಡಿಂಗ್‌ನವನ ಹತ್ತಿರ ಪಂಜರವನ್ನು ಎರಡು ಅಂತಸ್ತು ಮಾಡಿಸಿದೆ. ಮೂರು ಬದಿಗೆ ಗೋಣಿ, ಅರ್ಧ ನೆಲಕ್ಕೆ ಹಲಗೆ, ಅದರ ಮೇಲೆ ಭತ್ತದ ಹೊಟ್ಟು. ಮೂರು ಹೆಣ್ಣಿಗೆ ಒಂದೇ ಗಂಡು ಉಳಿಸಿ, ಮಿಕ್ಕ ಗಂಡುಗಳನ್ನು ಬೇರೆ ಹಾಕಿದೆ. ರಾತ್ರಿ ಒಂಬತ್ತಕ್ಕೆ ಬಲ್ಬು ಬಂದ್. ಮೂಲೆಯಲ್ಲಿ ಒಂದಿಷ್ಟು ಒಣ ಹುಲ್ಲು. ಒಕ್ಕಣ್ಣಿನದ್ದು ಈಗ ಅದರ ಹಿಂದೆ ಹೋಗಿಯೇ ಮೊಟ್ಟೆ ಇಡುತ್ತದೆ. ಹಕ್ಕಿಗಳು ಅವೇ, ಕೊಕ್ಕೂ ಅದೇ.

ನನಗೆ ಮಾರಿದವನು ಈಗಲೂ ಅಂಥದ್ದೇ ಮೊಲದ ಪಂಜರವನ್ನು ಕ್ವೇಲ್ ಪಂಜರ ಅಂತ ಮಾರುತ್ತಿದ್ದಾನೆ. ದುಡ್ಡು ಕೊಡುವ ಮುಂಚೆ ಟೇಪು ಹಿಡಿದು ಎತ್ತರ ಅಳೆಯಿರಿ, ಒಂದೊಂದು ಹಕ್ಕಿಯನ್ನೂ ತಿರುಗಿಸಿ ಎದೆ ನೋಡಿ.